ಮ್ಯಾಜಿಕ್ ಐಟಂಗಳ ಬಲ ಮತ್ತು ಬೆಲೆ: ಪದೇ ಪದೇ ಕೇಳುವ ಪ್ರಶ್ನೆಗಳು

ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಗೇಮ್ ನಡೆಸುವವರಿಗಾಗಿ ಈ ಉತ್ತರಗಳು. ಹೆಚ್ಚಿನ ಉದಾಹರಣೆಗಳು ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 3.5 (2003) ಮತ್ತು 5ನೇ ಆವೃತ್ತಿಗಳಿಂದ (2014, 2024), ಕೆಲವು ಪಾತ್‌ಫೈಂಡರ್‌ನ ಎರಡು ಆವೃತ್ತಿಗಳಿಂದ (2009, 2019) ಬಂದಿವೆ. ಬೆಲೆಗಳೆಲ್ಲ ಆಟದೊಳಗಿನ ಚಿನ್ನದ ನಾಣ್ಯಗಳಲ್ಲಿವೆ.

ನಮ್ಮ ಆಟದಲ್ಲಿ ಮ್ಯಾಜಿಕ್ ಅಂಗಡಿಯೇ ಇಲ್ಲ. ಆದರೂ ಬೆಲೆ ಬೇಕಾ?

ಬೇಕು. ಬೆಲೆ ಎರಡು ಕೆಲಸ ಮಾಡುತ್ತದೆ: ಒಂದು ವಸ್ತು ಯಾವ ಲೆವೆಲ್‌ನಲ್ಲಿ ಕೈಗೆ ಬರಬೇಕು ಎಂದು ಹೇಳುತ್ತದೆ, ಅದನ್ನು ಪಡೆಯಲು ಬೇರೆ ಏನನ್ನು ಬಿಡಬೇಕಾಯಿತು ಎಂದೂ ಹೇಳುತ್ತದೆ. ಅಂಗಡಿ ಇಲ್ಲದಿದ್ದರೆ ಎರಡನೆಯದು ಹೋಗುತ್ತದೆ, ಮೊದಲನೆಯದು ಉಳಿಯುತ್ತದೆ. ಗುಹೆಯ ಪೆಟ್ಟಿಗೆಯಲ್ಲಿ ಒಬ್ಬಳಿಗೆ 4,000ದ ಕತ್ತಿ, ಇನ್ನೊಬ್ಬನಿಗೆ 100ರ ಟೊಪ್ಪಿ ಸಿಕ್ಕರೆ ಆ ಅಂತರ ಅಂಗಡಿ ಇಲ್ಲದ ಲೋಕದಲ್ಲೂ ಎದ್ದು ಕಾಣುತ್ತದೆ.

ಹೊಸ ಐಟಂಗೆ ಬೆಲೆ ಕಟ್ಟುವಾಗ ಎಲ್ಲಿಂದ ಶುರು ಮಾಡಬೇಕು?

ಹೋಲಿಕೆಯಿಂದ. ಸೂತ್ರದಿಂದ ಅಲ್ಲ. ಅದೇ ಕೆಲಸ ಮಾಡುವ ಎರಡು ಐಟಂಗಳನ್ನು ನಿಯಮಪುಸ್ತಕದಲ್ಲಿ ಹುಡುಕಿ: ಒಂದು ನಿಮ್ಮದಕ್ಕಿಂತ ಖಂಡಿತ ದುರ್ಬಲ, ಇನ್ನೊಂದು ಖಂಡಿತ ಬಲಶಾಲಿ. ನಿಮ್ಮ ಬೆಲೆ ಆ ಎರಡರ ನಡುವೆ ಬರಬೇಕು. ನಂತರ ಕೇಳಿಕೊಳ್ಳಿ: ಈ ಬೆಲೆಗೆ ಇಟ್ಟರೆ ಆಟಗಾರರು ಯೋಚಿಸಿ ಆರಿಸುತ್ತಾರಾ, ಅಥವಾ ಎಲ್ಲರೂ ಕಣ್ಣುಮುಚ್ಚಿ ಇದನ್ನೇ ಕೊಳ್ಳುತ್ತಾರಾ? ಎಲ್ಲರೂ ಕೊಳ್ಳುತ್ತಾರೆ ಎಂದಾದರೆ ಅಗ್ಗವಾಯಿತು. ಯಾರೂ ಮುಟ್ಟುವುದಿಲ್ಲ ಎಂದಾದರೆ ದುಬಾರಿ. ಸೂತ್ರದ ಉತ್ತರ ಮತ್ತು ಹೋಲಿಕೆಯ ಉತ್ತರ ಹೊಂದದಿದ್ದಾಗ ಪ್ರತಿ ಸಲವೂ ಹೋಲಿಕೆಯನ್ನೇ ನಂಬಿ.

3.5ರಲ್ಲಿ ಬೆಲೆಯ ಸೂತ್ರಗಳೇ ಇವೆಯಲ್ಲ. ಅವನ್ನು ನೇರವಾಗಿ ಬಳಸಿದರೆ ಏನು ತಪ್ಪು?

ಸೂತ್ರಗಳು ಸ್ಪಷ್ಟವಾಗಿವೆ. ಆಯುಧದ ಬೋನಸ್‌ಗೆ ಬೋನಸ್‌ನ ವರ್ಗ (ಬೋನಸ್ × ಬೋನಸ್) × 2,000. ಕವಚಕ್ಕೆ ವರ್ಗ × 1,000. ಸ್ಪೆಲ್ (ಮಂತ್ರ) ಹೊತ್ತ ಐಟಂಗೆ ಸ್ಪೆಲ್ ಲೆವೆಲ್ × ಕ್ಯಾಸ್ಟರ್ ಲೆವೆಲ್ (ಮಂತ್ರ ಹಾಕುವವರ ಮಟ್ಟ) × ಒಂದು ಗುಣಕ: ಸ್ಕ್ರೋಲ್‌ಗೆ 25, ಪೋಷನ್‌ಗೆ 50, ಐವತ್ತು ಚಾರ್ಜ್‌ನ ವ್ಯಾಂಡ್‌ಗೆ 750, ಕಮಾಂಡ್ ಪದದಿಂದ ನಡೆಯುವುದಕ್ಕೆ 1,800, ಸದಾ ಜಾರಿಯಲ್ಲಿರುವುದಕ್ಕೆ 2,000.

ಬೋನಸ್‌ನ ಸೂತ್ರ ತಕ್ಕಮಟ್ಟಿಗೆ ಗಟ್ಟಿ. ಸ್ಪೆಲ್‌ನ ಸೂತ್ರ ಬೇಗ ಕೈಕೊಡುತ್ತದೆ, ಯಾಕೆಂದರೆ ಒಂದು ಸ್ಪೆಲ್‌ನ ಲೆವೆಲ್ ನಿಗದಿಯಾಗುವಾಗ ಅದು ಒಂದು ಸ್ಲಾಟ್ (ದಿನಕ್ಕೆ ಇಷ್ಟೇ ಎಂದಿರುವ ಸ್ಪೆಲ್‌ಗಳ ಪಾಲು) ತಿನ್ನುತ್ತದೆ, ಒಂದು ಸರದಿ ತಿನ್ನುತ್ತದೆ, ಬೇಗ ಮುಗಿಯುತ್ತದೆ ಎಂಬುದೂ ಲೆಕ್ಕದಲ್ಲಿರುತ್ತದೆ. ಅದನ್ನು ಸದಾ ಜಾರಿಯಲ್ಲಿಟ್ಟರೆ ಆ ಮೂರೂ ಮಿತಿಗಳು ಬಿದ್ದುಹೋಗುತ್ತವೆ.

ಟ್ರೂ ಸ್ಟ್ರೈಕ್ ಎಂಬ ಸ್ಪೆಲ್ ಹೊತ್ತ ಉಂಗುರ ಇದಕ್ಕೆ ಪ್ರಸಿದ್ಧ ಉದಾಹರಣೆ. ಮೊದಲ ಲೆವೆಲ್ ಸ್ಪೆಲ್, ಮೊದಲ ಲೆವೆಲ್ ಕ್ಯಾಸ್ಟರ್: 1 × 1 × 2,000 = 2,000. ಸುತ್ತುಗಳ ಲೆಕ್ಕದಲ್ಲಿ ಬಾಳುವ ಸ್ಪೆಲ್ ಎಂದು ನಾಲ್ಕರಿಂದ ಗುಣಿಸಿದರೂ 8,000. ಕೈಗೆ ಬಂದದ್ದು ದಾಳಿಗೆ +20. ಆಯುಧದ ಸೂತ್ರದಲ್ಲಿ +20ರ ಬೆಲೆ 8 ಲಕ್ಷ.

ಮೇಜ್ ಆರ್ಮರ್ ಎಂಬ ಸ್ಪೆಲ್‌ನದೂ ಅದೇ ಕಥೆ. ಸದಾ ಜಾರಿಯಲ್ಲಿರುವ ಉಂಗುರಕ್ಕೆ ಸೂತ್ರ 2,000 ಎನ್ನುತ್ತದೆ, ಸಿಗುವುದು ಎಸಿಗೆ (ಆರ್ಮರ್ ಕ್ಲಾಸ್, ಏಟು ತಾಗಲು ಎದುರಾಳಿ ಮುಟ್ಟಬೇಕಾದ ಸಂಖ್ಯೆ) +4. ಅದೇ +4 ಕೊಡುವ ಬ್ರೇಸರ್ಸ್ ಆಫ್ ಆರ್ಮರ್‌ಗೆ ಪುಸ್ತಕದ ಬೆಲೆ 16,000. ಹೋಲಿಕೆ ಮೊದಲು ಮಾಡಿದ್ದರೆ ಈ ಉಂಗುರ ಹುಟ್ಟುತ್ತಲೇ ಇರಲಿಲ್ಲ.

ಆಯುಧದ +1 ನಿಜಕ್ಕೂ ಎಷ್ಟು ಬಲ?

ಇಪ್ಪತ್ತು ಮುಖದ ದಾಳದಲ್ಲಿ +1 ಎಂದರೆ ಶೇ 5 ಎಂದು ಹೇಳಿ ಮುಗಿಸಿದರೆ ಅರ್ಧ ಮಾತ್ರ ಹೇಳಿದಂತೆ. 5ನೇ ಆವೃತ್ತಿಯ ಐದನೇ ಲೆವೆಲ್ ಫೈಟರ್ ತೆಗೆದುಕೊಳ್ಳಿ: ದಾಳಿಗೆ +7, ಲಾಂಗ್‌ಸ್ವೋರ್ಡ್ 1ಡಿ8+4 (ಎಂಟು ಮುಖದ ಒಂದು ದಾಳ, ಮೇಲೆ 4), ಎದುರಾಳಿಯ ಎಸಿ 15. ದಾಳದಲ್ಲಿ 8 ಅಥವಾ ಹೆಚ್ಚು ಬಿದ್ದರೆ ಏಟು ತಾಗುತ್ತದೆ, ಅಂದರೆ ಶೇ 65. ಕ್ರಿಟಿಕಲ್ (20 ಬಿದ್ದಾಗ ಡ್ಯಾಮೇಜ್ ದಾಳಗಳು ಎರಡು ಪಟ್ಟು) ಸೇರಿಸಿ ಒಂದು ದಾಳಿಯ ಸರಾಸರಿ ಡ್ಯಾಮೇಜ್ 5.75.

ಕತ್ತಿಗೆ +1 ಕೊಟ್ಟರೆ ತಾಗುವುದು ಶೇ 70, ಪ್ರತಿ ಏಟಿಗೆ ಒಂದು ಹೆಚ್ಚು. ಸರಾಸರಿ 6.88. ಏರಿಕೆ ಸುಮಾರು ಶೇ 20. +2ಕ್ಕೆ 8.1, +3ಕ್ಕೆ 9.43.

ಈಗ ಅದೇ ಕೈಗೆ ಫ್ಲೇಮ್ ಟಂಗ್ ಎಂಬ ಬೆಂಕಿಯ ಕತ್ತಿ ಕೊಡಿ. ತಾಗುವ ಸಾಧ್ಯತೆ ಬದಲಾಗುವುದಿಲ್ಲ, ಪ್ರತಿ ಏಟಿಗೆ 2ಡಿ6 ಬೆಂಕಿ ಸೇರುತ್ತದೆ. ಸರಾಸರಿ 10.65. ರೇರ್ ಎಂದು ಪಟ್ಟಿಯಾದ ಕತ್ತಿ, ವೆರಿ ರೇರ್ ಎಂದು ಪಟ್ಟಿಯಾದ +3 ಕತ್ತಿಯನ್ನು ಹಿಂದೆ ಹಾಕಿತು (ಐಟಂಗಳ ರೇರಿಟಿ ಮಟ್ಟಗಳು ಕೆಳಗಿನಿಂದ: ಕಾಮನ್, ಅನ್‌ಕಾಮನ್, ರೇರ್, ವೆರಿ ರೇರ್, ಲೆಜೆಂಡರಿ). ಬೆಂಕಿಗೆ ರೆಸಿಸ್ಟೆನ್ಸ್ ಇರುವ (ಅರ್ಧ ಡ್ಯಾಮೇಜ್ ಮಾತ್ರ ತಾಗುವ) ಶತ್ರು ಬಂದರೆ ಇದು 8.2ಕ್ಕೆ ಇಳಿಯುತ್ತದೆ, ಹೆಚ್ಚುಕಡಿಮೆ +2 ಕತ್ತಿಯ ಮಟ್ಟ. ಬೆಂಕಿ ತಾಗದ ಶತ್ರುವಿನ ಎದುರು ಮತ್ತೆ 5.75. ಹಾಗಾಗಿ ಫ್ಲೇಮ್ ಟಂಗ್‌ನ ಬೆಲೆ ನಿಮ್ಮ ಕಥೆಯಲ್ಲಿ ಯಾವ ಶತ್ರುಗಳಿದ್ದಾರೆ ಎಂಬುದರ ಮೇಲೆ ನಿಂತಿದೆ. ಸರಳ +1ಕ್ಕೆ ಆ ಹಂಗಿಲ್ಲ.

ಈ ಲೆಕ್ಕ ಒಂದು ಕಾಗದದ ತುಂಡಿನಲ್ಲಿ ಮುಗಿಯುತ್ತದೆ. ಡ್ಯಾಮೇಜ್ ಹೆಚ್ಚಿಸುವ ಯಾವ ಐಟಂ ಕೊಡುವ ಮುಂಚೆಯೂ, ಅದನ್ನು ಹಿಡಿಯುವ ಪಾತ್ರದ ಅಂಕಿಗಳನ್ನೇ ಹಾಕಿ ಇದನ್ನು ಮಾಡಿ.

ಎಸಿ ಹೆಚ್ಚಿಸುವ ಐಟಂಗಳಿಗೂ ಇದೇ ಲೆಕ್ಕವಾ?

ದಿಕ್ಕು ಬೇರೆ. ಎಸಿ ಮೇಲೇರಿದಷ್ಟೂ ಮುಂದಿನ +1ರ ಬೆಲೆ ಏರುತ್ತದೆ. +7 ದಾಳಿಯ ಶತ್ರು ಎಸಿ 18ಕ್ಕೆ ಶೇ 50 ತಾಗುತ್ತಾನೆ. 19 ಆದರೆ ಶೇ 45, ಅಂದರೆ ಬೀಳುವ ಏಟುಗಳಲ್ಲಿ ಹತ್ತನೇ ಒಂದು ಭಾಗ ಕಡಿಮೆ. ಎಸಿ 25 ಇದ್ದಾಗ ಶೇ 15 ತಾಗುತ್ತದೆ. 26 ಆದರೆ ಶೇ 10. ಏಟುಗಳಲ್ಲಿ ಮೂರನೇ ಒಂದು ಭಾಗ ಹೋಯಿತು. 5ನೇ ಆವೃತ್ತಿಯಲ್ಲಿ +1 ಆಯುಧ ಅನ್‌ಕಾಮನ್ ಆಗಿದ್ದು +1 ಕವಚ ರೇರ್ ಆಗಿರುವುದು ಸರಿಯಾಗಿಯೇ ಇದೆ.

3.5ರಲ್ಲಿ ವರ್ಗದ ಸೂತ್ರ ಇದನ್ನು ಹಿಡಿಯಲೆಂದೇ ಇದೆ, ಆದರೆ ಬೇರೆ ಬೇರೆ ಬಗೆಯ ಬೋನಸ್‌ಗಳು ಒಂದರ ಮೇಲೊಂದು ಕೂಡುವ ಕಡೆ ಅದು ಸೋರುತ್ತದೆ. +4 ಕವಚಕ್ಕೆ 16,000. ಕವಚಕ್ಕೆ +1, ಗುರಾಣಿಗೆ +1, ಡಿಫ್ಲೆಕ್ಷನ್ (ಏಟನ್ನು ಪಕ್ಕಕ್ಕೆ ಸರಿಸುವ ಮ್ಯಾಜಿಕ್) +1, ನ್ಯಾಚುರಲ್ ಆರ್ಮರ್ (ಚರ್ಮದ ಗಟ್ಟಿತನ) +1 ಎಂದು ಹಂಚಿ ಕೊಂಡರೆ 1,000 + 1,000 + 2,000 + 2,000 = 6,000ಕ್ಕೆ ಅದೇ +4. ಹೊಸ ಬಗೆಯ ಬೋನಸ್ ಕೊಡುವ ಎಸಿ ಐಟಂ ಸೃಷ್ಟಿಸಬೇಡಿ ಎಂದು ನಾವು ಪದೇ ಪದೇ ಹೇಳುವುದು ಇದಕ್ಕೇ. ಈಗಾಗಲೇ ಇರುವ ಬಗೆಯನ್ನೇ ಬಳಸಿ, ಕೂಡದಂತೆ ನೋಡಿಕೊಳ್ಳಿ.

ಅಡ್ವಾಂಟೇಜ್ ಕೊಡುವ ಐಟಂ ಎಷ್ಟು ಬೋನಸ್‌ಗೆ ಸಮ?

ಅಡ್ವಾಂಟೇಜ್ ಎಂದರೆ ಎರಡು ದಾಳ ಉರುಳಿಸಿ ದೊಡ್ಡದನ್ನು ಹಿಡಿಯುವುದು. ಬೇಕಾದ ಸಂಖ್ಯೆ 11 ಇದ್ದಾಗ ಶೇ 50 ಇದ್ದದ್ದು ಶೇ 75 ಆಗುತ್ತದೆ, ಅಂದರೆ +5. ಬೇಕಾದದ್ದು 20 ಆದರೆ ಶೇ 5ರಿಂದ ಶೇ 9.75, ಹೆಚ್ಚುಕಡಿಮೆ +1. ದಾಳದ ಸರಾಸರಿ ಏರುವುದು ಸುಮಾರು 3.3. ಅಂದಾಜಿಗೆ +4 ಎಂದು ಹಿಡಿಯಿರಿ. ಎಲ್ಲ ದಾಳಿಗಳಿಗೂ ಸದಾ ಅಡ್ವಾಂಟೇಜ್ ಕೊಡುವ ಐಟಂ ಮಾತ್ರ ಮಾಡಬೇಡಿ. ಅಡಗಿ ಹೊಡೆಯುವುದು, ನೆರವು ನೀಡುವುದು, ಎದುರಾಳಿಯನ್ನು ಬೀಳಿಸುವುದು ಹೀಗೆ ಅಡ್ವಾಂಟೇಜ್‌ಗಾಗಿ ತಂಡ ಮಾಡುವ ಎಲ್ಲ ಉಪಾಯಗಳೂ ಅಲ್ಲಿಗೆ ನಿಲ್ಲುತ್ತವೆ.

5ನೇ ಆವೃತ್ತಿಯ ರೇರಿಟಿ ನೋಡಿ ಬೆಲೆ ಹಾಕಿದರೆ ಸಾಕಲ್ಲವೇ?

ಸಾಲದು. 2014ರ ಪಟ್ಟಿಯಲ್ಲಿ ಕಾಮನ್ 50–100, ಅನ್‌ಕಾಮನ್ 101–500, ರೇರ್ 501–5,000, ವೆರಿ ರೇರ್ 5,001–50,000, ಅದರ ಮೇಲೆ ಲೆಜೆಂಡರಿ. ಒಂದೇ ಮಟ್ಟದೊಳಗೆ ಹತ್ತು ಪಟ್ಟಿನವರೆಗೂ ಅಂತರ. 2024ರ ಪುಸ್ತಕ ಇದನ್ನು 100, 400, 4,000, 40,000 ಮತ್ತು 2 ಲಕ್ಷ ಎಂದು ಒಂದೊಂದೇ ಅಂಕಿಗೆ ಇಳಿಸಿತು. ಬಳಸಲು ಸುಲಭವಾಯಿತು, ಆದರೆ ಮೂಲ ತೊಂದರೆ ಅಂಕಿಗಳದಲ್ಲ, ಯಾವ ಐಟಂ ಯಾವ ಮಟ್ಟದಲ್ಲಿದೆ ಎಂಬುದರದು.

2014ರ ಪುಸ್ತಕದಲ್ಲಿ ಕ್ಲೋಕ್ ಆಫ್ ಪ್ರೊಟೆಕ್ಷನ್ ಮತ್ತು ರಿಂಗ್ ಆಫ್ ಪ್ರೊಟೆಕ್ಷನ್ ಎರಡೂ ಎಸಿಗೂ ಸೇವಿಂಗ್ ಥ್ರೋಗೂ (ಅಪಾಯದಿಂದ ತಪ್ಪಿಸಿಕೊಳ್ಳಲು ಉರುಳಿಸುವ ದಾಳ) +1 ಕೊಡುತ್ತವೆ, ಎರಡಕ್ಕೂ ಅಟ್ಯೂನ್‌ಮೆಂಟ್ (ಪಾತ್ರ ಐಟಂನೊಂದಿಗೆ ಬೆಸೆದುಕೊಳ್ಳುವುದು, ಒಮ್ಮೆಗೆ ಮೂರಕ್ಕೆ ಮಾತ್ರ) ಬೇಕು. ಮೊದಲನೆಯದು ಅನ್‌ಕಾಮನ್, ಎರಡನೆಯದು ರೇರ್. ಅಟ್ಯೂನ್‌ಮೆಂಟ್ ಕೂಡ ಬೇಡದ ಬ್ರೂಮ್ ಆಫ್ ಫ್ಲೈಯಿಂಗ್ ಅನ್‌ಕಾಮನ್. ಒಂದು ಗಂಟೆ ಹಾರಿಸಿ ಖಾಲಿಯಾಗುವ ಪೋಷನ್ ಆಫ್ ಫ್ಲೈಯಿಂಗ್ ವೆರಿ ರೇರ್. ವಿಜರ್ಡ್‌ಗೆ ಹದಿಮೂರನೇ ಲೆವೆಲ್‌ನಲ್ಲಷ್ಟೇ ದಕ್ಕುವ ಟೆಲಿಪೋರ್ಟ್ ಸ್ಪೆಲ್ ಅನ್ನು ಮೂರು ಚಾರ್ಜ್‌ಗಳಲ್ಲಿ ಕೊಡುವ ಹೆಲ್ಮ್ ಆಫ್ ಟೆಲಿಪೋರ್ಟೇಶನ್ ಬರೀ ರೇರ್. ರೇರಿಟಿಯನ್ನು ಮೊದಲ ಅಂದಾಜು ಎಂದಷ್ಟೇ ತಿಳಿಯಿರಿ.

ಹಾರುವುದು, ಟೆಲಿಪೋರ್ಟ್, ಗೋಡೆಯಾಚೆ ನೋಡುವುದು: ಅಂಕಿಗಳೇ ಇಲ್ಲದ ಇಂಥವನ್ನು ಹೇಗೆ ಅಳೆಯುವುದು?

ಅದೇ ಶಕ್ತಿ ಸ್ಪೆಲ್ ಆಗಿ ಯಾವ ಲೆವೆಲ್‌ಗೆ ಸಿಗುತ್ತದೆ ಎಂದು ನೋಡಿ. ಫ್ಲೈ ಮೂರನೇ ಲೆವೆಲ್ ಸ್ಪೆಲ್, ವಿಜರ್ಡ್‌ಗೆ ಐದನೇ ಲೆವೆಲ್‌ನಲ್ಲಿ ದಕ್ಕುತ್ತದೆ. ಆಗಲೂ ದಿನಕ್ಕೆ ಒಂದೆರಡು ಸಲ, ಹತ್ತು ನಿಮಿಷ, ಕಾನ್ಸಂಟ್ರೇಶನ್ ಬೇಕು. ಅದನ್ನು ಮಿತಿಯಿಲ್ಲದೆ ಕೊಡುವ ಐಟಂ ಐದನೇ ಲೆವೆಲ್‌ಗಿಂತ ಮುಂಚೆ ಬರಬಾರದು. ಎಂಟು–ಒಂಬತ್ತರ ಸುಮಾರಿಗೆ ಬಂದರೆ ಹದ.

ಆಮೇಲೆ ನಿಮ್ಮ ಮುಂದಿನ ನಾಲ್ಕು ಸೆಶನ್‌ಗಳ ಟಿಪ್ಪಣಿ ತೆಗೆದು, ಈ ಐಟಂನಿಂದ ಯಾವ್ಯಾವ ತಡೆ ಮಾಯವಾಗುತ್ತದೆ ಎಂದು ಗುರುತು ಹಾಕಿ: ಕಂದಕ, ಕೋಟೆಗೋಡೆ, ಕೈಯಿಂದ ಹೊಡೆಯುವ ಶತ್ರುಗಳ ಗುಂಪು. ಒಂದೆರಡು ಅಳಿದರೆ ಅದು ಆಟಗಾರರ ಗೆಲುವು, ಕೊಡಿ. ಅರ್ಧದಷ್ಟು ಅಳಿದರೆ ಐಟಂ ತಂಡದ ಲೆವೆಲ್‌ಗಿಂತ ಮುಂದಿದೆ.

ಒಂದೇ ಐಟಂ ಒಬ್ಬರಿಗೆ ಸಪ್ಪೆ, ಇನ್ನೊಬ್ಬರಿಗೆ ವಿಪರೀತ. ಯಾರನ್ನು ನೋಡಿ ಬೆಲೆ ಕಟ್ಟಬೇಕು?

ಅದರಿಂದ ಅತಿ ಹೆಚ್ಚು ಲಾಭ ಪಡೆಯುವವರನ್ನು ನೋಡಿ. ಗಾಂಟ್ಲೆಟ್ಸ್ ಆಫ್ ಓಗರ್ ಪವರ್ ಸ್ಟ್ರೆಂತ್ ಅನ್ನು 19 ಮಾಡುತ್ತದೆ. 18 ಇರುವ ಫೈಟರ್‌ಗೆ ಮಾಡಿಫೈಯರ್ (ದಾಳಕ್ಕೆ ಕೂಡುವ ಅಂಕಿ) +4 ಇದ್ದದ್ದು +4 ಆಗಿಯೇ ಉಳಿಯುತ್ತದೆ, ಅಂದರೆ ದಾಳಿಗೆ ಏನೂ ಸಿಗುವುದಿಲ್ಲ. 8 ಇರುವ ಕ್ಲೆರಿಕ್‌ಗೆ –1ರಿಂದ +4. ಐಟಂ ಕೊನೆಗೆ ಸೇರುವುದು ಆ ಕ್ಲೆರಿಕ್ ಕೈಗೇ, ಆಟಗಾರರಿಗೆ ಅಷ್ಟು ಲೆಕ್ಕ ಬರುತ್ತದೆ.

ಪೋಷನ್, ಸ್ಕ್ರೋಲ್‌ನಂಥ ಒಂದೇ ಬಳಕೆಯ ಐಟಂಗಳಿಗೆ ಏನು ಬೆಲೆ?

5ನೇ ಆವೃತ್ತಿಯಲ್ಲಿ ಅದೇ ರೇರಿಟಿಯ ಶಾಶ್ವತ ಐಟಂನ ಅರ್ಧ. 2024ರಲ್ಲಿ ಸ್ಪೆಲ್ ಸ್ಕ್ರೋಲ್ ಮಾತ್ರ ಹೊರಗೆ, ಅದಕ್ಕೆ ಬರೆಯುವ ಖರ್ಚಿನ ಎರಡು ಪಟ್ಟು. ನಮ್ಮ ಮಟ್ಟಿಗೆ ಅರ್ಧ ಎಂಬುದು ಬಹಳ ದುಬಾರಿ. 2 ಸಾವಿರದ ಪೋಷನ್ ಕೊಳ್ಳುವ ಬದಲು ಇನ್ನೆರಡು ಸಾವಿರ ಕೂಡಿಸಿ ಶಾಶ್ವತ ಐಟಂ ಕೊಳ್ಳುವುದೇ ಜಾಣತನ ಎಂದು ಯಾರಿಗಾದರೂ ಹೊಳೆಯುತ್ತದೆ. ಶಾಶ್ವತ ಐಟಂನ ಹತ್ತನೇ ಒಂದು ಭಾಗದ ಆಸುಪಾಸಿಗೆ ಇಳಿಸಿ. ಆಗ ಜನ ಕೊಳ್ಳುತ್ತಾರೆ, ಮುಖ್ಯವಾಗಿ ಬಳಸುತ್ತಾರೆ.

ಗುಣಪಡಿಸುವ ಐಟಂಗಳಿಗೆ ಪ್ರತಿ ಹಿಟ್ ಪಾಯಿಂಟ್‌ಗೆ (ಪಾತ್ರದ ಜೀವದ ಅಂಕ) ಎಷ್ಟು ಬೀಳುತ್ತದೆ ಎಂದು ನೋಡಿ. 5ನೇ ಆವೃತ್ತಿಯ 50ರ ಪೋಷನ್ ಸರಾಸರಿ 7 ಕೊಡುತ್ತದೆ, ಪಾಯಿಂಟ್‌ಗೆ ಸುಮಾರು 7 ನಾಣ್ಯ. 3.5ರಲ್ಲಿ ಕ್ಯೂರ್ ಲೈಟ್ ವೂಂಡ್ಸ್ ವ್ಯಾಂಡ್ 750ಕ್ಕೆ ಐವತ್ತು ಚಾರ್ಜ್, ಒಂದಕ್ಕೆ ಸರಾಸರಿ 5.5, ಅಂದರೆ ಪಾಯಿಂಟ್‌ಗೆ 3 ನಾಣ್ಯಕ್ಕೂ ಕಡಿಮೆ. ಆದ್ದರಿಂದಲೇ ಆ ಆವೃತ್ತಿಯಲ್ಲಿ ಎಲ್ಲ ತಂಡಗಳ ಚೀಲದಲ್ಲೂ ಆ ವ್ಯಾಂಡ್ ಇರುತ್ತಿತ್ತು. ಅದೇ ಸ್ಪೆಲ್ ಕಮಾಂಡ್ ಪದಕ್ಕೆ ಮಿತಿಯಿಲ್ಲದೆ ನಡೆಯುವಂತೆ ಮಾಡಿದರೆ ಸೂತ್ರದಲ್ಲಿ 1,800. ವ್ಯಾಂಡ್‌ನ ಚಾರ್ಜ್ ಒಂದಕ್ಕೆ 15ರಂತೆ ನೋಡಿದರೆ 120 ಬಳಕೆಗೆ ಅಸಲು ಹುಟ್ಟಿತು, ಆಮೇಲೆ ಆಜನ್ಮ ಪುಕ್ಕಟೆ. ಇದನ್ನು ಬಿಡಲೇಬೇಡಿ.

"ದಿನಕ್ಕೆ ಮೂರು ಸಲ" ಎಂದು ಮಿತಿ ಹಾಕಿದರೆ ಬೆಲೆ ಎಷ್ಟು ಇಳಿಸಬೇಕು?

3.5ರಲ್ಲಿ ದಿನಕ್ಕೆ ಐದು ಬಳಕೆಗೆ ಪೂರ್ತಿ ಬೆಲೆ, ಒಂದಕ್ಕೆ ಐದನೇ ಒಂದು ಭಾಗ, ಮೂರಕ್ಕೆ ಐದರಲ್ಲಿ ಮೂರು ಭಾಗ. ನಿಮ್ಮ ಆಟದಲ್ಲಿ ದಿನಕ್ಕೆ ನಾಲ್ಕೈದು ಕಾಳಗ ನಡೆಯುತ್ತಿದ್ದರೆ ಇದು ಸರಿ. ಒಂದೇ ದೊಡ್ಡ ಕಾಳಗ ನಡೆದು ತಂಡ ಮಲಗುವುದಾದರೆ "ದಿನಕ್ಕೆ ಒಂದು ಸಲ" ಎಂಬುದು ಮಿತಿಯೇ ಅಲ್ಲ, ರಿಯಾಯಿತಿ ಕೊಡಬೇಡಿ.

"ಎಲ್ಫ್ ವಿಜರ್ಡ್ ಮಾತ್ರ ಬಳಸಬಹುದು" ಎಂದರೆ ಅಗ್ಗ ಮಾಡಬಹುದಾ?

3.5 ಇಂಥದಕ್ಕೆ ಶೇ 30ರವರೆಗೆ ರಿಯಾಯಿತಿ ಕೊಡುತ್ತದೆ. ಮಾರಾಟಕ್ಕೆ ಬಂದ ಐಟಂಗೆ ಅದು ನ್ಯಾಯ, ಕೊಳ್ಳುವವರು ಕಡಿಮೆ. ಆದರೆ ತನಗಾಗಿಯೇ ಮಾಡಿಸಿಕೊಳ್ಳುವ ಎಲ್ಫ್ ವಿಜರ್ಡ್‌ಗೆ ಆ ನಿರ್ಬಂಧದಿಂದ ಏನೂ ನಷ್ಟವಿಲ್ಲ. ಆರ್ಡರ್ ಕೊಟ್ಟು ಮಾಡಿಸಿದ್ದಕ್ಕೆ ರಿಯಾಯಿತಿ ಸೊನ್ನೆ. ಶಾಪಗಳಿಗೂ ಇದೇ ಅಳತೆ. ಬಿಲ್ಲುಗಾರನಿಗೆ "ಕತ್ತಿ ಹಿಡಿದರೆ ದಾಳಿಗೆ –2" ಎಂಬ ಶಾಪ ಶಾಪವಲ್ಲ.

ಅಟ್ಯೂನ್‌ಮೆಂಟ್ ಬೇಕು ಎಂದು ಬರೆದರೆ ಬ್ಯಾಲೆನ್ಸ್ ಆಗಿಬಿಡುತ್ತದಾ?

5ನೇ ಆವೃತ್ತಿಯಲ್ಲಿ ಮೂರೇ ಜಾಗ. ನಾಲ್ಕನೇ ಐಟಂ ಬರುವವರೆಗೆ ಅದು ಪುಕ್ಕಟೆ, ಬಂದ ಮೇಲೆ ಅತಿ ದುಬಾರಿ. ಹಾಗಾಗಿ ಕೆಳ ಲೆವೆಲ್‌ಗಳಲ್ಲಿ ಅಟ್ಯೂನ್‌ಮೆಂಟ್‌ಗೆಂದು ಬೆಲೆ ಇಳಿಸಬೇಡಿ. ಪಾತ್‌ಫೈಂಡರ್ 2ರಲ್ಲಿ ಹತ್ತು ಐಟಂವರೆಗೆ ಇನ್ವೆಸ್ಟ್ (ಅಲ್ಲಿನ ಅಟ್ಯೂನ್‌ಮೆಂಟ್) ಮಾಡಬಹುದು, ಅಲ್ಲಿ ಇದು ಬಹುಪಾಲು ಆಟಗಾರರಿಗೆ ತಡೆಯೇ ಅಲ್ಲ.

ಒಂದು ಪಾತ್ರದ ಬಳಿ ಒಟ್ಟು ಎಷ್ಟು ಬೆಲೆಯ ಐಟಂ ಇರಬೇಕು?

ಆಟ ಐಟಂಗಳನ್ನು ಲೆಕ್ಕಕ್ಕೆ ಹಿಡಿದಿದೆಯೇ ಎಂಬುದು ಮೊದಲ ಪ್ರಶ್ನೆ. ಪಾತ್‌ಫೈಂಡರ್ 2 ಹಿಡಿದಿದೆ: ಎರಡನೇ ಲೆವೆಲ್‌ಗೆ 35 ನಾಣ್ಯದ +1 ರೂನ್ (ಆಯುಧಕ್ಕೆ ಕೆತ್ತುವ ಮ್ಯಾಜಿಕ್ ಗುರುತು), ನಾಲ್ಕಕ್ಕೆ 65ರ ಸ್ಟ್ರೈಕಿಂಗ್ ರೂನ್ ಬರುತ್ತದೆ ಎಂದುಕೊಂಡೇ ರಾಕ್ಷಸರ ಅಂಕಿಗಳನ್ನು ಬರೆದಿದ್ದಾರೆ. ತಡ ಮಾಡಿದರೆ ತಂಡ ಸೋಲುತ್ತದೆ, ತಪ್ಪು ಅವರದಲ್ಲ. 5ನೇ ಆವೃತ್ತಿ ಐಟಂ ಇಲ್ಲದೆಯೂ ನಡೆಯುತ್ತದೆ, ಕೊಟ್ಟದ್ದೆಲ್ಲ ಮೇಲುಸಂಪಾದನೆ.

ಪಾತ್‌ಫೈಂಡರ್ 1ರ ಹಂಚಿಕೆ ಇವತ್ತಿಗೂ ಒಳ್ಳೆಯ ಅಳತೆಗೋಲು: ಆಯುಧಕ್ಕೆ ಶೇ 25, ರಕ್ಷಣೆಗೆ ಶೇ 25, ಉಳಿದ ಮ್ಯಾಜಿಕ್‌ಗೆ ಶೇ 25, ಖರ್ಚಾಗುವ ಐಟಂಗಳಿಗೆ ಶೇ 15, ಸಾಮಾನು ಮತ್ತು ನಗದಿಗೆ ಶೇ 10. ಯಾವ ಒಂದು ಐಟಂ ಕೂಡ ಒಟ್ಟು ಆಸ್ತಿಯ ಅರ್ಧ ಮೀರಬಾರದು. ಹತ್ತನೇ ಲೆವೆಲ್‌ಗೆ ಆಸ್ತಿ 62,000. ಕಾಲು ಭಾಗ 15,500. ಆಯುಧಕ್ಕೆ +2 ಆರಾಮಾಗಿ ಕೂರುತ್ತದೆ, 18,000ದ +3 ಬೇಕೆಂದರೆ ಬೇರೆ ಏನನ್ನಾದರೂ ಬಿಡಬೇಕು. ಬೆಲೆ ಹೀಗೆ ಆಟಗಾರರನ್ನು ಆಯ್ಕೆಗೆ ತಂದು ನಿಲ್ಲಿಸಿದಾಗಲೇ ಅದು ಸರಿಯಾಗಿದೆ ಎಂದು ಗೊತ್ತಾಗುವುದು.

ಪೂರ್ತಿ ಹೊಸ ಐಟಂ ಒಂದನ್ನು ಮೊದಲಿಂದ ಕೊನೆವರೆಗೆ ಹೇಗೆ ತೂಗುವುದು?

5ನೇ ಆವೃತ್ತಿಗೆ ಒಂದು ಬಾಕು ಎಂದಿಟ್ಟುಕೊಳ್ಳಿ: ಎಸೆದರೆ ಅದು ಬಿದ್ದ ಜಾಗಕ್ಕೆ ಎಸೆದವಳು ಟೆಲಿಪೋರ್ಟ್ ಆಗುತ್ತಾಳೆ.

ಹೋಲಿಕೆ ಮೊದಲು. ಮಿಸ್ಟಿ ಸ್ಟೆಪ್ ಎರಡನೇ ಲೆವೆಲ್ ಸ್ಪೆಲ್: ಮೂವತ್ತು ಅಡಿ, ಬೋನಸ್ ಆಕ್ಷನ್ (ಸರದಿಗೆ ಒಂದೇ ಸಿಗುವ ಹೆಚ್ಚುವರಿ ಚಿಕ್ಕ ಕ್ರಿಯೆ), ಕಾಣುವ ಜಾಗಕ್ಕೆ ಮಾತ್ರ. ಕೇಪ್ ಆಫ್ ದಿ ಮೌಂಟ್‌ಬ್ಯಾಂಕ್ ರೇರ್: ದಿನಕ್ಕೊಮ್ಮೆ ಡೈಮೆನ್ಶನ್ ಡೋರ್, 500 ಅಡಿ. ನಮ್ಮ ಬಾಕು ಸರಾಗವಾಗಿ ಇಪ್ಪತ್ತು ಅಡಿ, ಡಿಸಡ್ವಾಂಟೇಜ್‌ನೊಂದಿಗೆ (ಎರಡು ದಾಳಗಳಲ್ಲಿ ಚಿಕ್ಕದು) ಅರವತ್ತು ಅಡಿ ಹೋಗುತ್ತದೆ. ದೂರ ಕಡಿಮೆ, ಆದರೆ ಮಿತಿಯಿಲ್ಲದ ಬಳಕೆ.

ಇನ್ನು ಒಡೆಯಲು ನೋಡಿ. ಜೈಲಿನ ಸರಳುಗಳ ನಡುವೆ ಬಾಕು ತೂರುತ್ತದೆ, ಹಾಗಾಗಿ ಬೀಗಗಳೆಲ್ಲ ದಂಡ. ಕತ್ತಲ ಬಾವಿಗೆ ಎಸೆದರೆ ಬಿದ್ದು ಸಾಯದೆ ಕೆಳಗಿಳಿಯಬಹುದು. ಶತ್ರು ಹಿಡಿದುಕೊಂಡಾಗ ಕಾಲ ಬಳಿ ಎಸೆದು ಬಿಡಿಸಿಕೊಳ್ಳಬಹುದು. ಎರಡು ದಾಳಿ ಇರುವವಳು ಒಂದೇ ಸರದಿಯಲ್ಲಿ ಎರಡು ಸಲ ಜಿಗಿಯಬಹುದು. ಇನ್ನೊಬ್ಬರು ಎಸೆದರೆ ಯಾರು ಹೋಗುತ್ತಾರೆ? ಬಾಕು ಶತ್ರುವಿನ ಮೈಗೆ ನೆಟ್ಟರೆ ಎಲ್ಲಿ ನಿಲ್ಲುತ್ತಾಳೆ?

ಪ್ರತಿ ತೂತಿಗೂ ಒಂದು ವಾಕ್ಯ ಸಾಕು. ಅಟ್ಯೂನ್ ಆದವಳು ಎಸೆದರೆ ಮಾತ್ರ. ಬಿದ್ದ ಜಾಗ ಅವಳಿಗೆ ಕಾಣಬೇಕು, ಅವಳ ಮೈ ಹಿಡಿಸುವಷ್ಟು ಖಾಲಿ ಇರಬೇಕು. ಶತ್ರುವಿಗೆ ನೆಟ್ಟರೆ ಪಕ್ಕದ ಖಾಲಿ ಚೌಕ. ಜಿಗಿತಕ್ಕೆ ಬೋನಸ್ ಆಕ್ಷನ್, ಆಗ ಸರದಿಗೆ ಒಂದೇ. ದಿನಕ್ಕೆ ಮೂರು ಸಲ. ಈ ರೂಪದಲ್ಲಿ ರೇರ್, 4,000. ದಿನಕ್ಕೆ ಒಂದೇ ಸಲ ಎಂದರೆ ಅನ್‌ಕಾಮನ್, 400ಕ್ಕೆ ಇಳಿಸಬಹುದು. ಸರಳುಗಳ ನಡುವೆ ತೂರುವುದನ್ನು ನಾವು ಹಾಗೇ ಬಿಡುತ್ತೇವೆ. ಆ ಐಟಂ ಕೈಯಲ್ಲಿದ್ದೂ ಜೈಲಿನಿಂದ ತಪ್ಪಿಸಿಕೊಳ್ಳಲಾಗದಿದ್ದರೆ ಅದನ್ನು ಕೊಟ್ಟು ಏನು ಸುಖ?

ಆಟಗಾರರೇ ಐಟಂ ತಯಾರಿಸಿ ಮಾರಿ ದುಡ್ಡು ಮಾಡಿದರೆ?

3.5ರಲ್ಲಿ ತಯಾರಿಕೆಗೆ ಅರ್ಧ ಬೆಲೆ, ಮಾರಿದರೆ ಸಿಗುವುದೂ ಅರ್ಧ. ಲಾಭ ಸೊನ್ನೆ, ಮೇಲೆ ಎಕ್ಸ್‌ಪಿ (ಅನುಭವದ ಅಂಕ) ಖರ್ಚು. ಪಾತ್‌ಫೈಂಡರ್ 1 ಎಕ್ಸ್‌ಪಿ ಖರ್ಚನ್ನು ತೆಗೆಯಿತು, ಆದ್ದರಿಂದ ತಾನೇ ತಯಾರಿಸಿಕೊಳ್ಳುವ ವಿಜರ್ಡ್‌ನ ಆಸ್ತಿ ಎರಡು ಪಟ್ಟಾದಂತೆ. ಇಲ್ಲಿ ನಿಮ್ಮ ಕೈಯಲ್ಲಿರುವ ಲಗಾಮು ಸಮಯ. 1,000 ನಾಣ್ಯದ ಬೆಲೆಗೆ ಒಂದು ದಿನ ಬೇಕು, 16,000ದ ಐಟಂಗೆ ಹದಿನಾರು ದಿನ. ಕಥೆಯಲ್ಲಿ ಗಡುವು ಇಟ್ಟರೆ ತಾನಾಗಿ ಹದಕ್ಕೆ ಬರುತ್ತದೆ.

ಕೊಟ್ಟಾಗಿದೆ, ಈಗ ನೋಡಿದರೆ ವಿಪರೀತ ಬಲ. ವಾಪಸ್ ತೆಗೆದುಕೊಳ್ಳಬಹುದಾ?

ಕಥೆಯೊಳಗೆ ಕಳ್ಳರನ್ನು ಕಳಿಸಿ ಕಸಿಯಬೇಡಿ. ಆಟಗಾರರಿಗೆ ಅದು ತಕ್ಷಣ ತಿಳಿಯುತ್ತದೆ, ಮುಂದೆ ಯಾವ ಐಟಂ ಕೊಟ್ಟರೂ ನೆಚ್ಚುವುದಿಲ್ಲ. ಸೆಶನ್‌ನ ಹೊರಗೆ ನೇರವಾಗಿ ಮಾತಾಡಿ: ಏನು ಕೆಡುತ್ತಿದೆ, ಯಾವ ಸಾಲು ಬದಲಾಗಬೇಕು ಎಂದು ಹೇಳಿ. ಐಟಂನ ಮುಖ್ಯ ಚಮತ್ಕಾರವನ್ನು ಮುಟ್ಟದೆ ಬಳಕೆಯ ಎಣಿಕೆ, ಆಕ್ಷನ್ ಅಥವಾ ದೂರ ಇವುಗಳಲ್ಲಿ ಒಂದನ್ನು ಮಾತ್ರ ಇಳಿಸಿ. ಒಪ್ಪದಿದ್ದರೆ ಅದೇ ಬೆಲೆಯ ಬೇರೆ ಐಟಂ ಬದಲಿಗೆ ಕೊಡಿ. ತೊಂದರೆ ಶಕ್ತಿಯದಲ್ಲ, ಒಬ್ಬರೇ ಮಿಂಚುತ್ತಿರುವುದು ಎಂದಾದರೆ ಉಳಿದವರ ಐಟಂಗಳನ್ನು ಮೇಲೇರಿಸಿ, ಶತ್ರುಗಳನ್ನೂ ಅಷ್ಟೇ ಏರಿಸಿ.

ಮುಂದಿನ ಸಲ ಸಂಶಯವಿರುವ ಐಟಂ ಅನ್ನು ಮೊದಲು ಹತ್ತು ಚಾರ್ಜ್‌ಗಳೊಂದಿಗೆ ಕೊಡಿ. ಅವು ಮುಗಿಯುವಷ್ಟರಲ್ಲಿ ಅದು ಎಲ್ಲೆಲ್ಲಿ ಬಳಕೆಯಾಯಿತು ಎಂಬುದು ನಿಮ್ಮ ಟಿಪ್ಪಣಿಯಲ್ಲಿರುತ್ತದೆ. ಸರಿಹೋದರೆ ತುಂಬಿಸಿಕೊಳ್ಳುವ ದಾರಿ ಕಥೆಯಲ್ಲಿ ಸಿಗಲಿ, ಸರಿಹೋಗದಿದ್ದರೆ ಯಾರ ಮನಸ್ಸೂ ನೋಯದೆ ಅದು ಅಲ್ಲಿಗೆ ಮುಗಿಯುತ್ತದೆ.